ರಾಯಚೂರು ಜಿಲ್ಲೆಯ ಬೆಟ್ಟಕೋಟೆಗಳು ಮತ್ತು ಪ್ರವಾಸ

ರಾಯಚೂರು ಜಿಲ್ಲೆಯ ಬೆಟ್ಟಕೋಟೆಗಳು ಕರ್ನಾಟಕದ ಈಶಾನ್ಯ ಭಾಗದಲ್ಲಿ, ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಒಣಭೂಮಿಯಲ್ಲಿರುವ ಐತಿಹಾಸಿಕ ತಾಣಗಳಾಗಿವೆ. ಈ ಪ್ರದೇಶವನ್ನು ಪ್ರಾಚೀನ ಶಾಸನಗಳಲ್ಲಿ ಎಡೆದೊರೆ ನಾಡು ಎಂದು ಕರೆಯಲಾಗಿದ್ದು, ನಂತರದ ಇತಿಹಾಸದಲ್ಲಿ ಇದು ರಾಯಚೂರು ದೋಆಬ್ ಎಂದು ಪ್ರಸಿದ್ಧವಾಗಿದೆ. ರಾಯಚೂರು, ಮುದಗಲ್ಲು ಮತ್ತು ಮಸ್ಕಿ ಇಲ್ಲಿನ ಪ್ರಮುಖ ತಾಣಗಳು. ದೇವದುರ್ಗ ತಾಲ್ಲೂಕಿನ ಗಬ್ಬೂರು, ಜಾಲಹಳ್ಳಿ ಮೊದಲಾದ ಊರುಗಳಿಗೆ ಹಾಗೂ ಕೃಷ್ಣಾ ತೀರಕ್ಕೆ ಪ್ರವಾಸಿಗರ ಭೇಟಿ ಕಡಿಮೆ.

ಭೂರಚನೆ ಮತ್ತು ಹವಾಮಾನ

ಇಲ್ಲಿನ ಬೆಟ್ಟಗಳು ಗ್ರಾನೈಟ್ ಮತ್ತು ನೈಸ್ ಶಿಲೆಗಳಿಂದಾಗಿವೆ. ಈ ಶಿಲೆಗಳಲ್ಲಿ ಹಲವು 250 ಕೋಟಿ ವರ್ಷಗಳಷ್ಟು ಅಥವಾ ಅದಕ್ಕಿಂತ ಹಳೆಯವು. ಶಿಲೆಯ ಸೀಳುಗಳಲ್ಲಿ ನೀರು ಇಳಿದು ಅಂಚುಗಳು ಸವೆಯುವುದರಿಂದ, ಹಾಗೂ ಮೇಲ್ಪದರಗಳು ಕಳಚಿ ಬೀಳುವುದರಿಂದ, ಬಂಡೆಗಳು ದುಂಡಗಾಗಿ ಒಂದರ ಮೇಲೊಂದು ಪೇರಿಸಿಟ್ಟಂತೆ ಕಾಣುತ್ತವೆ. ನೆರೆಯ ಕೊಪ್ಪಳ ಜಿಲ್ಲೆಯ ಆನೆಗೊಂದಿ ಹಾಗೂ ಹಂಪೆಯ ಬೆಟ್ಟಗಳೂ ಇದೇ ಬಗೆಯವು. ಹಟ್ಟಿ ಮತ್ತು ಮಸ್ಕಿಯ ನಡುವಿನ ಶಿಲಾಪಟ್ಟಿಯಲ್ಲಿ ಚಿನ್ನದ ಅದಿರಿದ್ದು, ಹಟ್ಟಿಯಲ್ಲಿ ಇಂದಿಗೂ ಗಣಿಗಾರಿಕೆ ನಡೆಯುತ್ತಿದೆ.

ಜಿಲ್ಲೆಯಲ್ಲಿ ಮಳೆ ಕಡಿಮೆ. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಆದ್ದರಿಂದ ನವೆಂಬರ್‌ನಿಂದ ಫೆಬ್ರವರಿಯವರೆಗಿನ ಅವಧಿ ಬೆಟ್ಟ ಹತ್ತಲು ಸೂಕ್ತವಾಗಿದೆ.

ಪ್ರಮುಖ ತಾಣಗಳು

ರಾಯಚೂರು: ನಗರದ ಕೋಟೆಗೆ ಎರಡು ಸುತ್ತಿನ ಗೋಡೆಗಳಿವೆ. ಒಳಗೋಡೆಯನ್ನು ಭಾರಿ ಕಲ್ಲುಗಳಿಂದ ಗಾರೆಯಿಲ್ಲದೆ ಜೋಡಿಸಲಾಗಿದೆ. ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿನ ಮೇಲಿರುವ 1294ರ ತೆಲುಗು ಶಾಸನವು ಕಾಕತೀಯರ ಕಾಲದಲ್ಲಿ ಕೋಟೆ ನಿರ್ಮಾಣವಾದುದನ್ನು ತಿಳಿಸುತ್ತದೆ. ಇಂಥ ಕಲ್ಲನ್ನು ಬಂಡಿಯ ಮೇಲೆ ಸಾಗಿಸುವ ದೃಶ್ಯವನ್ನೂ ಗೋಡೆಯಲ್ಲಿ ಕೊರೆಯಲಾಗಿದೆ. 1520ರಲ್ಲಿ ವಿಜಯನಗರದ ಕೃಷ್ಣದೇವರಾಯನು ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನನ್ನು ಸೋಲಿಸಿ ಈ ಕೋಟೆಯನ್ನು ವಶಪಡಿಸಿಕೊಂಡನು. ನಗರದಲ್ಲಿ ಬಹಮನಿ ಕಾಲದ ಒಂದೇ ಮಿನಾರಿನ ಮಸೀದಿಯೂ ಇದೆ.

ಮುದಗಲ್ಲು: ಲಿಂಗಸೂಗೂರು ತಾಲ್ಲೂಕಿನ ಈ ಊರಿನಲ್ಲಿ ಗುಡ್ಡವನ್ನೂ ಬಯಲನ್ನೂ ಒಳಗೊಂಡ ಕೋಟೆ ಹಾಗೂ ಅದರ ಸುತ್ತ ಅಗಲವಾದ ಕಂದಕವಿದೆ. 1406ರಲ್ಲಿ ಒಂದನೆಯ ದೇವರಾಯ ಮತ್ತು ಫಿರೋಜ್ ಶಾಹ ಬಹಮನಿಯ ನಡುವೆ ನಡೆದ ಯುದ್ಧಕ್ಕೆ ಮುದಗಲ್ಲಿನ ಅಕ್ಕಸಾಲಿಗನೊಬ್ಬನ ಮಗಳು ಕಾರಣಳಾದಳೆಂದು ಇತಿಹಾಸಕಾರ ಫೆರಿಷ್ತಾ ಬರೆದಿದ್ದಾನೆ. ಇಲ್ಲಿನ ಮೊಹರಂ ಆಚರಣೆಯಲ್ಲಿ ಹಿಂದೂಗಳೂ ಮುಸ್ಲಿಮರೂ ಭಾಗವಹಿಸುತ್ತಾರೆ. ಸಮೀಪದ ಪಿಕ್ಲಿಹಾಳದಲ್ಲಿ ನವಶಿಲಾಯುಗದ ನೆಲೆ ಹಾಗೂ ಬಂಡೆಚಿತ್ರಗಳಿವೆ.

ಮಸ್ಕಿ: 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಇಲ್ಲಿ ಅಶೋಕನ ಕಿರು ಶಿಲಾಶಾಸನವನ್ನು ಗುರುತಿಸಿದರು. ಅದುವರೆಗೆ ದೊರೆತಿದ್ದ ಧರ್ಮಶಾಸನಗಳಲ್ಲಿ ಅರಸನನ್ನು ದೇವಾನಾಂಪಿಯ, ಪಿಯದಸಿ ಎಂಬ ಬಿರುದುಗಳಿಂದಲೇ ಕರೆಯಲಾಗಿತ್ತು. ಮಸ್ಕಿಯ ಶಾಸನದಲ್ಲಿ ಅಶೋಕ ಎಂಬ ಹೆಸರೇ ಇದ್ದುದರಿಂದ, ಆ ಬಿರುದುಗಳು ಅವನವೇ ಎಂಬ ವಿದ್ವಾಂಸರ ಊಹೆಗೆ ನೇರ ಆಧಾರ ದೊರೆಯಿತು. ಶಾಸನವು ಬ್ರಾಹ್ಮಿ ಲಿಪಿಯಲ್ಲಿ, ಪ್ರಾಕೃತ ಭಾಷೆಯಲ್ಲಿದೆ.

ದೇವದುರ್ಗ ತಾಲ್ಲೂಕು: ದೇವದುರ್ಗವು ಹಿಂದೆ ಬೇಡ ಪಾಳೆಯಗಾರರ ನೆಲೆಯಾಗಿತ್ತು. ಗಬ್ಬೂರಿನಲ್ಲಿ ಹಲವು ಹಳೆಯ ದೇವಾಲಯಗಳೂ ಶಾಸನಗಳೂ ಉಳಿದಿವೆ. ಜಾಲಹಳ್ಳಿಯ ಕಡೆಯಿಂದ ತಿಂಥಣಿ ಸೇತುವೆಯನ್ನು ದಾಟಿದರೆ ಕೃಷ್ಣೆಯ ಆಚೆ ದಡದಲ್ಲಿ, ಸುರಪುರ ತಾಲ್ಲೂಕಿಗೆ ಸೇರಿದ ತಿಂಥಣಿಯ ಮೌನೇಶ್ವರ ಕ್ಷೇತ್ರ ಸಿಗುತ್ತದೆ. ನಾರಾಯಣಪುರದ ಬಸವಸಾಗರ ಜಲಾಶಯವು ಇಲ್ಲಿಂದ ನದಿಯ ಮೇಲ್ಭಾಗದಲ್ಲಿದೆ.

ಸುರಕ್ಷತೆ

ಬೋಳು ಬಂಡೆಗಳು ಬಿಸಿಲನ್ನು ಹೀರಿ ಸಂಜೆಯವರೆಗೂ ಕಾದಿರುತ್ತವೆ. ಬೆಟ್ಟಗಳ ಮೇಲೆ ನೆರಳೂ ಕುಡಿಯುವ ನೀರೂ ಸಿಗುವುದು ಕಷ್ಟ. ಆದ್ದರಿಂದ ಬೆಳಗಿನ ಹೊತ್ತಿನಲ್ಲಿಯೇ ಹತ್ತಿ ಇಳಿಯುವುದು, ಸಾಕಷ್ಟು ನೀರು ಒಯ್ಯುವುದು ಅಗತ್ಯ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಕಲ್ಲು ಜಾರುತ್ತದೆ. ಕೃಷ್ಣಾ ನದಿಯಲ್ಲಿ ಮೊಸಳೆಗಳಿವೆ. ಅಲ್ಲದೆ ಜಲಾಶಯದಿಂದ ನೀರು ಬಿಟ್ಟಾಗ ಸ್ಥಳೀಯವಾಗಿ ಮಳೆಯಿಲ್ಲದಿದ್ದರೂ ನದಿಯ ಮಟ್ಟ ಏರುತ್ತದೆ. ಹೀಗಾಗಿ ದಡದಲ್ಲಿ ಈಜುವುದು ಮತ್ತು ನಡುಗಡ್ಡೆಗಳಿಗೆ ನಡೆದು ದಾಟುವುದು ಅಪಾಯಕಾರಿ.

ಸಂರಕ್ಷಣೆ

ಇಲ್ಲಿನ ಪುರಾವಶೇಷಗಳಲ್ಲಿ ಹಲವು ಬಯಲಿನಲ್ಲಿಯೇ ಇವೆ. ಬಂಡೆಯ ಮೇಲಿನ ಬರಹ ಅಥವಾ ಚಿತ್ರದ ಮೇಲೆ ಹೆಸರು ಕೆತ್ತಿದರೆ, ಬಣ್ಣ ಬಳಿದರೆ, ಅಕ್ಷರ ಸ್ಪಷ್ಟವಾಗಲೆಂದು ಸೀಮೆಸುಣ್ಣ ಹಚ್ಚಿದರೆ ಮೂಲ ಮೇಲ್ಮೈ ಹಾಳಾಗುತ್ತದೆ. ನಿಧಿಯಾಸೆಯ ಅಗೆತವು ಮಣ್ಣಿನ ಪದರಗಳನ್ನು ಕಲಕುವುದರಿಂದ, ಅವುಗಳ ಆಧಾರದ ಮೇಲೆ ಕಾಲವನ್ನು ನಿರ್ಣಯಿಸುವ ಅವಕಾಶವೇ ಇಲ್ಲವಾಗುತ್ತದೆ. 1958ರ ಪ್ರಾಚೀನ ಸ್ಮಾರಕಗಳ ಕೇಂದ್ರ ಕಾಯಿದೆಯ ಪ್ರಕಾರ, ರಾಷ್ಟ್ರೀಯ ಮಹತ್ತ್ವದ ಸ್ಮಾರಕಗಳಿಗೆ ಹಾನಿ ಮಾಡಿದವರಿಗೆ 2 ವರ್ಷಗಳವರೆಗೆ ಸೆರೆವಾಸ ಅಥವಾ 1 ಲಕ್ಷ ರೂಪಾಯಿಗಳವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು. 2010ರ ತಿದ್ದುಪಡಿಯು ಇಂಥ ಸ್ಮಾರಕಗಳ ಸುತ್ತಲಿನ 100 ಮೀಟರ್ ಪ್ರದೇಶವನ್ನು ನಿಷೇಧಿತ ವಲಯವೆಂದೂ, ಅದರಾಚೆಯ 200 ಮೀಟರ್ ಪ್ರದೇಶವನ್ನು ನಿಯಂತ್ರಿತ ವಲಯವೆಂದೂ ನಿಗದಿಪಡಿಸಿದೆ.

ಸಂಪರ್ಕ

ರಾಯಚೂರು ಮುಂಬೈ–ಚೆನ್ನೈ ರೈಲುಮಾರ್ಗದಲ್ಲಿದೆ. 1871ರಲ್ಲಿ ಮುಂಬೈ ಮತ್ತು ಮದ್ರಾಸ್ ಕಡೆಯ ಮಾರ್ಗಗಳು ಕೂಡಿದ್ದು ಇಲ್ಲಿಯೇ. ದೇವದುರ್ಗ, ಮಾನ್ವಿ, ಸಿಂಧನೂರು ಹಾಗೂ ಲಿಂಗಸೂಗೂರುಗಳಿಗೆ ರಾಯಚೂರಿನಿಂದ ಸರ್ಕಾರಿ ಬಸ್ಸುಗಳಿವೆ. ಮಸ್ಕಿಯು ಸಿಂಧನೂರು–ಲಿಂಗಸೂಗೂರು ರಸ್ತೆಯಲ್ಲಿದೆ.