ಚೌಕದ ಮೇಲೆ ದುಂಡು ಗುಮ್ಮಟ

ವಿಜಯಪುರದ ಗೋಲಗುಮ್ಮಟ ನೋಡಿ ಬಂದ ಮಕ್ಕಳಿಗೆ ಹೆಚ್ಚಾಗಿ ನೆನಪಿರುವುದು ಅಲ್ಲಿಯ ಪ್ರತಿಧ್ವನಿ. ಆದರೆ ಒಳಗೆ ನಿಂತು ತಲೆಯೆತ್ತಿದರೆ ಕಾಣುವ ಗಣಿತವೂ ಅಷ್ಟೇ ಸೋಜಿಗದ್ದು.

ಸುಲ್ತಾನ್ ಮುಹಮ್ಮದ್ ಆದಿಲ್ ಶಾಹರ ಈ ಸಮಾಧಿಯ ಒಳಭಾಗ ಚೌಕ. ಪ್ರತಿ ಬದಿ ಸುಮಾರು 41 ಮೀಟರ್. ಮೇಲಿನ ಗುಮ್ಮಟ ದುಂಡು. ಒಳವ್ಯಾಸ ಸುಮಾರು 38 ಮೀಟರ್. ನಡುವೆ ಒಂದು ಕಂಬವೂ ಇಲ್ಲ. ಹಾಗಾದರೆ ಚೌಕದ ಗೋಡೆಗಳ ಮೇಲೆ ದುಂಡು ಗುಮ್ಮಟ ಕೂತದ್ದು ಹೇಗೆ?

ಕಾಗದದಲ್ಲಿ ಒಂದು ಚೌಕ ಬರೆಯಿರಿ. ಅದೇ ಕೇಂದ್ರದಲ್ಲಿ, ಅಷ್ಟೇ ದೊಡ್ಡ ಇನ್ನೊಂದು ಚೌಕವನ್ನು 45 ಡಿಗ್ರಿ ತಿರುಗಿಸಿ ಬರೆಯಿರಿ. ಎಂಟು ಮೂಲೆಯ ನಕ್ಷತ್ರ ಮೂಡುತ್ತದೆ. ಅದರ ನಡುವೆ ಅಷ್ಟಕೋನ; ಅಷ್ಟಕೋನದೊಳಗೆ ವೃತ್ತ ಸಲೀಸಾಗಿ ಹಿಡಿಸುತ್ತದೆ. ಗೋಲಗುಮ್ಮಟದಲ್ಲಿ ಈ ಎಂಟು ಗೆರೆಗಳ ಜಾಗದಲ್ಲಿ ಎಂಟು ಕಮಾನುಗಳು ಒಂದನ್ನೊಂದು ಹಾಯುತ್ತವೆ. ಅವುಗಳ ನಡುವಿನ ಬಾಗಿದ ಮೈ ಮೇಲೇರುತ್ತ ಒಳಕ್ಕೆ ಚಾಚಿ ವೃತ್ತವಾಗುತ್ತದೆ. ಗುಮ್ಮಟ ಆ ವೃತ್ತದ ಅಂಚಿನಿಂದ ತುಸು ಹಿಂದೆ ಕೂತಿದೆ. ಮುಂದೆ ಉಳಿದ ಸುತ್ತುದಾರಿಯೇ ಪಿಸುಮಾತಿನ ಗ್ಯಾಲರಿ.

ಇದು ಬರೀ ಅಲಂಕಾರವಲ್ಲ. ಗುಮ್ಮಟ ತನ್ನ ಭಾರದಿಂದ ಬುಡವನ್ನು ಹೊರಕ್ಕೆ ತಳ್ಳುತ್ತದೆ. ಒಳಕ್ಕೆ ಚಾಚಿದ ಕಮಾನುಗಳ ಭಾರ ಒಳಕ್ಕೆ ಎಳೆಯುತ್ತದೆ. ಒಂದು ಇನ್ನೊಂದನ್ನು ತಡೆದು ನಿಲ್ಲಿಸುತ್ತದೆ. ಕಣ್ಣಿಗೆ ಚಂದ ಕಾಣುವ ಗೆರೆಯೇ ಮುನ್ನೂರೈವತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ಗುಮ್ಮಟವನ್ನು ಹೊತ್ತು ನಿಂತಿದೆ.

ಗಣಿತವೆಂದರೆ ಪರೀಕ್ಷೆಯ ಭಯ ಮಾತ್ರ ಎಂದುಕೊಂಡ ಮಗು ಮನೆಯಲ್ಲಿದ್ದರೆ, ಇಂದು ಸಂಜೆ ಆ ಎರಡು ಚೌಕಗಳನ್ನು ಜೊತೆಯಲ್ಲಿ ಕೂತು ಬರೆಯಿರಿ. ನಮ್ಮ ಹಿರಿಯ ಶಿಲ್ಪಿಗಳ ಕೈಯಲ್ಲಿ ಲೆಕ್ಕವೂ ಸೊಬಗೂ ಬೇರೆಬೇರೆಯಾಗಿರಲಿಲ್ಲ ಎಂಬುದು ಅದಕ್ಕೆ ತಾನಾಗಿಯೇ ತಿಳಿಯುತ್ತದೆ.