ಮೂರನೇ ಸಲದ ಹಾಲು ಎಲ್ಲಿಂದ ಬರುತ್ತೆ?

ಬೆಂಗಳೂರಿನ ಆಡುಗೋಡಿಯಲ್ಲಿ 1923ರಿಂದ ಹೈನುಗಾರಿಕೆಯ ಸಂಶೋಧನಾ ಕೇಂದ್ರವಿದೆ. 1927ರಲ್ಲಿ ಗಾಂಧೀಜಿಯೇ ಅಲ್ಲಿಗೆ ಬಂದು ಹಸು ಸಾಕಣೆಯ ಪಾಠ ಕೇಳಿದ್ದರು. ಆದರೂ ತಾವರೆಕೆರೆ, ಯಡಿಯೂರು, ಸಾರಕ್ಕಿ ಕಡೆ ಹಸು ಕಟ್ಟಿದವರಲ್ಲಿ ಒಂದು ಮಾತು ಇನ್ನೂ ಗಟ್ಟಿ: “ಇರೋದೇ ಹತ್ತು ಲೀಟರು. ಎರಡು ಸಲ ಕರೆದರೂ ಅಷ್ಟೇ, ಮೂರು ಸಲ ಕರೆದರೂ ಅಷ್ಟೇ.”

ಅಷ್ಟೇ ಅಲ್ಲ. ಕೆಚ್ಚಲು ತುಂಬಿಟ್ಟ ಕೊಡವಲ್ಲ. ಅಲ್ಲಿ ಹಾಲು ಸದಾ ತಯಾರಾಗುತ್ತಿರುತ್ತದೆ. ಅದು ಒಳಗೇ ನಿಂತರೆ ಹಾಲಿನಲ್ಲಿರುವ ಕೆಲವು ವಸ್ತುಗಳೇ ಮುಂದಿನ ತಯಾರಿಕೆಗೆ ತಡೆ ಹಾಕುತ್ತವೆ. ಕರೆದು ಖಾಲಿ ಮಾಡಿದರೆ ತಡೆ ಸಡಿಲ. ಹೊಸದಾಗಿ ಈದ ಹಸುವಿನ ಕೆಚ್ಚಲಿನ ಒಂದು ಪಕ್ಕವನ್ನು ದಿನಕ್ಕೆ ಎರಡು ಸಲ, ಇನ್ನೊಂದನ್ನು ನಾಲ್ಕು ಸಲ ಕರೆದು ವಿಜ್ಞಾನಿಗಳು ನೋಡಿದ್ದಾರೆ. ಹಸು ಒಂದೇ, ಮೇವೂ ಒಂದೇ. ಹಾಲು ಹೆಚ್ಚಿದ್ದು ನಾಲ್ಕು ಸಲ ಕರೆದ ಪಕ್ಕದಲ್ಲಿ. ಮೂರು ವಾರ ಕಳೆದು ಎರಡೂ ಪಕ್ಕವನ್ನು ಎರಡೇ ಸಲಕ್ಕೆ ತಂದರೂ ಆ ಪಕ್ಕವೇ ಮುಂದಿತ್ತು.

ಎರಡರ ಬದಲು ಮೂರು ಸಲ ಕರೆದರೆ ಸಾಮಾನ್ಯವಾಗಿ ಶೇ. 10ರಿಂದ 20ರಷ್ಟು ಹೆಚ್ಚು ಸಿಗುತ್ತದೆ. ಒಂದೇ ಸಲಕ್ಕೆ ಇಳಿಸಿದರೆ ಸುಮಾರು ಕಾಲು ಭಾಗ ಖೋತಾ. ಹಾಗಂತ ಐದಾರು ಲೀಟರಿನ ಹಸುವಿಗೆ ಮೂರನೇ ಸಲ ಕೂತರೆ ಕೂಲಿಯೂ ಗಿಟ್ಟದು. ಪದೇಪದೇ ಕರೆದರೆ ಹಸು ಸೊರಗುತ್ತೆ ಅನ್ನುತ್ತಾರಲ್ಲ, ಹಿಂಡಿ, ಹಸಿಮೇವು, ನೀರು ಹೆಚ್ಚಿಸದಿದ್ದರೆ ಆ ಮಾತು ನಿಜವೇ.

ಇಂಜೆಕ್ಷನ್ ಹಾಲು ಹುಟ್ಟಿಸುತ್ತದೆ ಎಂಬುದೂ ಸುಳ್ಳು. ಅದರಲ್ಲಿರುವ ಆಕ್ಸಿಟೋಸಿನ್ ಹಾರ್ಮೋನು ಆಗಲೇ ತಯಾರಾಗಿರುವ ಹಾಲನ್ನು ಕೆಳಗಿಳಿಸುತ್ತದೆ, ಅಷ್ಟೇ. ಕರು ಬಾಯಿ ಹಾಕಿದರೆ, ಕೆಚ್ಚಲು ತೊಳೆದು ನೀವಿದರೆ ಅದು ಹಸುವಿನ ಮೈಯಲ್ಲೇ ಬರುತ್ತದೆ. ಅದರ ಪ್ರಭಾವ ಕೆಲವೇ ನಿಮಿಷ, ಅಷ್ಟರಲ್ಲಿ ಕರೆದು ಮುಗಿಸಬೇಕು.

ಇನ್ನು ಗಿರಾಕಿಗಳ ದೂರು: “ಸಂಜೆ ಹಾಲು ಗಟ್ಟಿ, ಬೆಳಗಿನದಕ್ಕೆ ನೀರು.” ನೀರು ಬೆರೆಸುವವರೇ ಇಲ್ಲ ಎನ್ನಲಾರೆ. ಆದರೆ ಬೆಳಗ್ಗೆ ಐದಕ್ಕೆ, ಮಧ್ಯಾಹ್ನ ಮೂರಕ್ಕೆ ಕರೆಯುವ ಕಡೆ ರಾತ್ರಿಯ ಅಂತರ 14 ಗಂಟೆ, ಹಗಲಿನದು 10. ಅಂತರ ಹೆಚ್ಚಿದಂತೆ ಹಾಲು ಹೆಚ್ಚು, ಕೊಬ್ಬಿನಂಶ ಕಡಿಮೆ. ಬೆಳಗಿನ ಕೆನೆ ತೆಳುವಾಗಲು ಅದೇ ಸಾಕು. ಒಂದೇ ಹೊತ್ತಿನ ಹಾಲಿನಲ್ಲೂ ಮೊದಲ ಚೊಂಬು ತೆಳ್ಳಗೆ, ಕೊನೆಯಲ್ಲಿ ಹಿಂಡಿದ್ದು ಗಟ್ಟಿ. ಕಣ್ಣೆದುರೇ ಕರೆಸಿ, ಮೊದಲ ಅರ್ಧ ಲೀಟರನ್ನೇ ಹಿಡಿದು ಹೊರಡುವ ಗಿರಾಕಿಗೆ ಸಿಗುವುದು ಅತಿ ಕಡಿಮೆ ಕೆನೆಯ ಹಾಲು.