ಕತ್ತಿ ಮೇಲೆ ಭಾರ ಬಿಡಬೇಡ ಮಗಾ!

ಕ್ಯಾಂಪಸ್ ಇಂಟರ್‌ವ್ಯೂ ದಿನ ಬೆಳಿಗ್ಗೆ ಯಾವುದೇ ಬಾಯ್ಸ್ ಹಾಸ್ಟೆಲ್ಲಿನ ವಾಶ್‌ಬೇಸಿನ್ ಹತ್ತಿರ ಹೋಗಿ ನೋಡಿ. ಇಸ್ತ್ರಿ ಮಾಡಿದ ಬಿಳಿ ಶರ್ಟು, ಎರವಲು ತಂದ ಟೈ, ಮಿರಮಿರ ಮಿಂಚುವ ಶೂ. ಗಲ್ಲದ ಮೇಲೆ ಮಾತ್ರ ರಕ್ತ ನಿಲ್ಲಿಸಲು ಅಂಟಿಸಿದ ನ್ಯೂಸ್‌ಪೇಪರ್ ಚೂರು! ಸಾಲದ್ದಕ್ಕೆ ಈಗ ಹೊಸ ಖಯಾಲಿಯೊಂದು ಶುರುವಾಗಿದೆ. ಮೊಬೈಲಿನಲ್ಲಿ ವಿಡಿಯೊ ನೋಡಿ, ಮಡಚುವ ಕ್ಷೌರದ ಕತ್ತಿಯನ್ನು ಆನ್‌ಲೈನ್‌ನಲ್ಲಿ ತರಿಸಿಕೊಂಡು ಕನ್ನಡಿ ಮುಂದೆ ಹೀರೊ ಆಗುವುದು. ಎರಡನೇ ದಿನಕ್ಕೆ ಕುತ್ತಿಗೆ ತುಂಬಾ ಕೆಂಪು ಗುಳ್ಳೆ, ಉರಿ. ಮೂರನೇ ದಿನ ನನ್ನ ರೂಮಿನ ಬಾಗಿಲು ತಟ್ಟುವುದು.

ನನ್ನ ಬಳಿಯೇ ಏಕೆ ಅಂದರೆ, ನಮ್ಮಪ್ಪ ಕ್ಷೌರಿಕರು. ತಾಲ್ಲೂಕು ಕೇಂದ್ರದ ಬಸ್‌ಸ್ಟ್ಯಾಂಡ್ ಪಕ್ಕ ನಮ್ಮದು ಮೂರು ಕುರ್ಚಿಯ ಅಂಗಡಿ. ನಾನು ಬಿ.ಇ. ಮೆಕ್ಯಾನಿಕಲ್ ಮೂರನೇ ವರ್ಷ. ರಜೆ ಸಿಕ್ಕರೆ ಒಂದು ಕುರ್ಚಿ ನನ್ನದೇ. ಕಾಲೇಜಿನಲ್ಲಿ ಕೋನ, ಬಲ, ಘರ್ಷಣೆ ಎಂದು ಓದುವುದನ್ನೆಲ್ಲ ಅಪ್ಪ ಆ ಹೆಸರುಗಳ ಗೊಡವೆಯಿಲ್ಲದೆ ದಿನವೂ ಮಾಡುತ್ತಾರೆ.

ನೀರಿಗೆ ಪುರಸೊತ್ತು ಕೊಡಿ

ಗಾಯಕ್ಕೆ ಎಲ್ಲರೂ ಕತ್ತಿಯನ್ನೇ ಬೈಯುತ್ತಾರೆ. ಅರ್ಧ ತಪ್ಪು ಅವಸರದ್ದು. ಒಣ ಕೂದಲು ಗಡುಸು. ನೀರು ಹೀರಿಕೊಂಡ ಮೇಲೆ ಅದು ಮೆತ್ತಗಾಗುತ್ತದೆ, ಕತ್ತರಿಸಲು ಬೇಕಾದ ಬಲವೂ ಇಳಿಯುತ್ತದೆ. ಸ್ನಾನವಾದ ಕೂಡಲೇ ಶೇವ್ ಮಾಡುವುದು ಒಳ್ಳೆಯದು. ಇಲ್ಲವಾದರೆ ಬಿಸಿನೀರಿನಲ್ಲಿ ಅದ್ದಿದ ಟವೆಲನ್ನು ಎರಡು ಮೂರು ನಿಮಿಷ ಮುಖಕ್ಕೆ ಒತ್ತಿ ಹಿಡಿಯಿರಿ. ಆಮೇಲೆ ಬ್ರಷ್‌ನಲ್ಲಿ ಸುತ್ತು ಸುತ್ತಾಗಿ ನೊರೆ ಹಚ್ಚಿ. ಕತ್ತಿ ಜಾರಲು ಬೇಕಾದ ಎಣ್ಣೆಯ ಕೆಲಸವನ್ನು ಆ ನೊರೆ ಮಾಡುತ್ತದೆ. ನೊರೆ ಒಣಗಿದರೆ ಮತ್ತೆ ಹಚ್ಚಬೇಕು.

ಸೆಟ್‌ಸ್ಕ್ವೇರ್ ನೆನಪಿಸಿಕೊಳ್ಳಿ

ಕತ್ತಿ ಮತ್ತು ಚರ್ಮದ ನಡುವಿನ ಕೋನ ಸುಮಾರು 30 ಡಿಗ್ರಿ ಇರಲಿ. ಇಂಜಿನಿಯರಿಂಗ್ ಡ್ರಾಯಿಂಗ್ ಕ್ಲಾಸಿನ ಸೆಟ್‌ಸ್ಕ್ವೇರ್‌ನಲ್ಲಿ ಎಲ್ಲಕ್ಕಿಂತ ಚೂಪಾದ ಮೂಲೆ ಇದೆಯಲ್ಲ, ಅಷ್ಟೇ. ಕೋನ ಹೆಚ್ಚಾದರೆ ಅಲಗು ಚರ್ಮವನ್ನು ಕೆರೆಯುತ್ತದೆ. ತೀರಾ ಕಡಿಮೆಯಾದರೆ ಕೂದಲನ್ನು ಕತ್ತರಿಸದೆ ಎಳೆಯುತ್ತದೆ. ಇನ್ನೊಂದು ಕೈಯಿಂದ ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿಯಲೇಬೇಕು. ಸಡಿಲ ಚರ್ಮ ಅಲಗಿನ ಮುಂದೆ ಮಡಿಕೆಯಾಗುತ್ತದೆ, ಕೊಯ್ಯುವುದು ಆ ಮಡಿಕೆಯೇ. ಬೆರಳು ಒದ್ದೆಯಾಗಿ ಜಾರುತ್ತಿದ್ದರೆ ಮೊದಲು ಒರೆಸಿಕೊಳ್ಳಿ.

ಎಳೆತ ಚಿಕ್ಕದಿರಲಿ, ಕತ್ತಿಯ ಭಾರವೇ ಸಾಕು. ನಾನು ಮೊದಲು ಕತ್ತಿ ಹಿಡಿದಾಗ ಅಪ್ಪ ಹೇಳಿದ್ದು ಒಂದೇ ಮಾತು, ‘ಕತ್ತಿ ಮೇಲೆ ಭಾರ ಬಿಡಬೇಡ ಮಗಾ’. ಇನ್ನೊಂದು ಎಚ್ಚರ: ಈರುಳ್ಳಿ ಹೆಚ್ಚುವಂತೆ ಅಲಗನ್ನು ಅದರ ಉದ್ದಕ್ಕೆ ಜಾರಿಸಬಾರದು. ಆಳವಾದ ಗಾಯಗಳು ಆಗುವುದು ಹಾಗೆಯೇ.

ಹೊಸಬರು ಮೊದಲ ಕೆಲವು ವಾರ ಕೆನ್ನೆಗಷ್ಟೇ ಕತ್ತಿ ಹಾಕಿ, ಉಳಿದದ್ದನ್ನು ಮಾಮೂಲಿ ರೇಜರ್‌ಗೆ ಬಿಡುವುದು ಕ್ಷೇಮ. ಗಲ್ಲದ ತಿರುವು, ಮೇಲ್ತುಟಿ, ಗಂಟಲ ಗಂಟು ಕೈ ಪಳಗಿದ ಮೇಲೆ ಬರಲಿ. ಮೊಡವೆ ಇದ್ದಲ್ಲಿ ಕತ್ತಿಯ ಸುದ್ದಿಯೇ ಬೇಡ.

ಕೂದಲಿಗೂ ದಿಕ್ಕಿದೆ

ಗಡ್ಡದ ಮೇಲೆ ಬೆರಳಾಡಿಸಿ. ನುಣುಪಾಗಿ ಸಾಗುವುದು ಕೂದಲು ಬೆಳೆಯುವ ದಿಕ್ಕು, ಒರಟಾಗಿ ತಡೆಯುವುದು ಅದರ ವಿರುದ್ಧ. ಕೆನ್ನೆಯಲ್ಲಿ ಸಾಮಾನ್ಯವಾಗಿ ಕೆಳಮುಖ. ಕುತ್ತಿಗೆಯಲ್ಲಿ ಹಲವರಿಗೆ ಅಡ್ಡ, ಕೆಲವರಿಗೆ ಮೇಲ್ಮುಖ. ಮೊದಲ ಸುತ್ತು ಬೆಳೆದ ದಿಕ್ಕಿನಲ್ಲೇ. ಇನ್ನೂ ನುಣುಪು ಬೇಕೆಂದರೆ ಮತ್ತೆ ನೊರೆ ಹಚ್ಚಿ ಅಡ್ಡಲಾಗಿ. ವಿರುದ್ಧ ದಿಕ್ಕಿಗೆ ಎಳೆದರೆ ಕೂದಲು ಚರ್ಮದ ಮಟ್ಟಕ್ಕಿಂತ ಕೆಳಗೆ ತುಂಡಾಗಬಹುದು. ಗುಂಗುರು ಕೂದಲಾದರೆ ಬೆಳೆಯುವಾಗ ಅದು ತಿರುಗಿ ಚರ್ಮದೊಳಗೇ ಚುಚ್ಚಿಕೊಳ್ಳುತ್ತದೆ. ನೀವು ‘ಶೇವಿಂಗ್ ಅಲರ್ಜಿ’ ಎನ್ನುವ ಗುಳ್ಳೆಗಳಲ್ಲಿ ಬಹುಪಾಲು ಇವೇ.

ಮೊಂಡು ಕತ್ತಿಯೇ ಅಪಾಯ

ಹರಿತ ಕಂಡರೆ ಭಯಪಡುತ್ತೇವೆ. ಕೊಯ್ಯುವುದು ಮಾತ್ರ ಮೊಂಡು ಕತ್ತಿ, ಏಕೆಂದರೆ ಅದಕ್ಕೆ ಬಲ ಹಾಕಬೇಕಾಗುತ್ತದೆ. 2020ರಲ್ಲಿ ಅಮೆರಿಕದ ಎಂಐಟಿ ಸಂಶೋಧಕರು ‘ಸೈನ್ಸ್’ ಪತ್ರಿಕೆಯಲ್ಲಿ ಇದರ ಬಗ್ಗೆ ಸೊಗಸಾದ ಪ್ರಬಂಧ ಪ್ರಕಟಿಸಿದರು. ಬ್ಲೇಡಿನ ಉಕ್ಕು ಕೂದಲಿಗಿಂತ ಸುಮಾರು 50 ಪಟ್ಟು ಗಟ್ಟಿ. ಆದರೂ ಕೂದಲು ಉಕ್ಕನ್ನು ಕೆಡಿಸುತ್ತದೆ! ಅಂಚು ಬರೀ ಸವೆಯುವುದಿಲ್ಲ. ಬಾಗಿದ ಕೂದಲು ಓರೆಯಾಗಿ ತಾಗಿದಾಗ, ಉಕ್ಕಿನ ಒಳರಚನೆ ಒಂದೇ ಸಮನಾಗಿಲ್ಲದ ಕಡೆ, ಕಣ್ಣಿಗೆ ಕಾಣದಷ್ಟು ಸಣ್ಣ ಚೂರು ಹಾರಿಹೋಗುತ್ತದೆ. ಅಂಥ ಅಲಗು ಮುಖದ ಮೇಲೆ ಗರಗಸದಂತೆ ಆಡುತ್ತದೆ. ಇದನ್ನು ಓದಿ ಹೇಳಿದರೆ ಅಪ್ಪ ನಕ್ಕು, ‘ಕತ್ತಿ ಕಚ್ಚೋಕೆ ಶುರು ಮಾಡಿದರೆ ಕೈಗೇ ಗೊತ್ತಾಗುತ್ತಲ್ಲೋ’ ಅಂದರು.

ಹಳೆಯ ಕಾಲದ ಇಡೀ ಕತ್ತಿಯಾದರೆ ಪ್ರತಿ ಶೇವ್‌ಗೆ ಮುಂಚೆ ಚರ್ಮದ ಪಟ್ಟಿಯ ಮೇಲೆ ಉಜ್ಜಬೇಕು. ಆಗ ಬೆನ್ನು ಮುಂದಿರಬೇಕು, ಅಲಗು ಹಿಂದೆ ಬರಬೇಕು. ಅಂಚು ನಿಜಕ್ಕೂ ಸತ್ತಾಗ ಮಾತ್ರ ಸಾಣೆಕಲ್ಲು. ಅಜ್ಜನ ಅಂಥದ್ದೊಂದು ಕತ್ತಿ ಮನೆಯಲ್ಲಿದೆ. ಅಂಗಡಿಯಲ್ಲಿ ಬಳಸುವುದಿಲ್ಲ.

ಕಾರಣ ರಕ್ತ

ಈಗ ಅಂಗಡಿಯಲ್ಲಿರುವುದು ಹಿಡಿಗೆ ಅರ್ಧ ಬ್ಲೇಡ್ ಸಿಕ್ಕಿಸುವ ಕತ್ತಿ. ಕಾಗದದ ಹೊದಿಕೆಯೊಳಗೇ ಬ್ಲೇಡನ್ನು ಎರಡು ತುಂಡು ಮಾಡಿ, ಗಿರಾಕಿಯ ಕಣ್ಣೆದುರೇ ಹೊಸದನ್ನು ಹಾಕುವುದು ಅಪ್ಪನ ರೂಢಿ. ಕಣ್ಣಿಗೆ ಕಾಣದ ಗಾಯದ ರಕ್ತವೂ ರೋಗ ದಾಟಿಸಬಲ್ಲದು. ಹೆಪಟೈಟಿಸ್ ಬಿ ವೈರಸ್ ದೇಹದ ಹೊರಗೆ ಕನಿಷ್ಠ 7 ದಿನ ಬದುಕಿರುತ್ತದೆ. ಅದಕ್ಕೆ ಲಸಿಕೆಯಿದೆ, ಹೆಪಟೈಟಿಸ್ ಸಿಗೆ ಅದೂ ಇಲ್ಲ. ಹಾಸ್ಟೆಲ್ಲಿನಲ್ಲಿ ‘ಮಚ್ಚಾ, ರೇಜರ್ ಕೊಡೋ’ ಎನ್ನುವಾಗ ಇದು ನೆನಪಿರಲಿ. ಗಾಯಕ್ಕೆ ಉಜ್ಜುವ ಪಟಿಕದ ತುಂಡೂ ಅಷ್ಟೇ, ನಿಮ್ಮದು ನಿಮಗೆ. ಶೇವ್ ಮುಗಿದ ಮೇಲೆ ತಣ್ಣೀರು, ಒತ್ತಿ ಒರೆಸಿದ ಟವೆಲ್, ವಾಸನೆಯಿಲ್ಲದ ಮಾಯಿಶ್ಚರೈಸರ್ ಸಾಕು. ಉರಿಯುವ ಲೋಶನ್ ಬೇಡ. ಬಳಸಿದ ಬ್ಲೇಡನ್ನು ಹಾಗೇ ಕಸದ ಬುಟ್ಟಿಗೆ ಎಸೆದರೆ ಪೌರಕಾರ್ಮಿಕರ ಕೈ ಕೊಯ್ಯುತ್ತದೆ. ಮುಚ್ಚಳಕ್ಕೆ ಸೀಳು ಮಾಡಿದ ಹಳೇ ಡಬ್ಬದಲ್ಲಿ ಕೂಡಿಡಿ, ತುಂಬಿದ ಮೇಲೆ ಟೇಪ್ ಸುತ್ತಿ, ಒಳಗೆ ಬ್ಲೇಡ್ ಇದೆ ಎಂದು ಬರೆದು ಕೊಡಿ.

ನಮ್ಮ ಕಸುಬಿನ ಹೆಸರನ್ನೇ ಬೈಗುಳ ಮಾಡಿಕೊಂಡವರು ಊರಿನಲ್ಲೂ ಇದ್ದಾರೆ, ಹಾಸ್ಟೆಲ್ಲಿನಲ್ಲೂ ಇದ್ದಾರೆ. ಬಿದ್ದ ಅಂಕ ನೋಡಿ ಒಬ್ಬ ಇನ್ನೊಬ್ಬನನ್ನು ಹಾಗೆ ಕರೆಯುತ್ತಾನೆ, ಸುತ್ತಲಿದ್ದವರು ನಗುತ್ತಾರೆ, ಆಮೇಲೆ ನಾನಿರುವುದು ನೆನಪಾಗಿ ಸುಮ್ಮನಾಗುತ್ತಾರೆ. ಅವರೊಂದಿಗೆ ನಾನು ಜಗಳಕ್ಕೆ ಹೋಗಿಲ್ಲ. ಮುಂದಿನ ಸಲ ಸಲೂನಿನ ಕುರ್ಚಿಯಲ್ಲಿ ತಲೆ ಹಿಂದಕ್ಕೆ ವಾಲಿಸಿ ಕಣ್ಣು ಮುಚ್ಚಿದಾಗ ಗಮನಿಸಿ ನೋಡಿ ಎನ್ನುತ್ತೇನೆ. ಗಂಟಲ ಮೇಲೆ ಹರಿತವಾದ ಬ್ಲೇಡ್ ಓಡಾಡುತ್ತಿರುತ್ತದೆ, ನಿಮಗೆ ನಿದ್ದೆ ಬರುತ್ತಿರುತ್ತದೆ. ಕೈ ಅಷ್ಟು ಹಗುರಾಗಲು ಅಪ್ಪನಿಗೆ ವರ್ಷಗಳೇ ಹಿಡಿದವು. ನಾನಿನ್ನೂ ಕಲಿಯುತ್ತಿದ್ದೇನೆ.